ಶಿಕ್ಷೆಹಲಗೆಯಲ್ಲಿ ಪ್ರೊಫೆಸರ್ ಟ್ವಿಚೆಲ್

ಪ್ರೊಫೆಸರ್ ಆಂಬ್ರೋಸ್ ಟ್ವಿಚೆಲ್ ಆ ಶನಿವಾರ ಶಿಕ್ಷೆಹಲಗೆಯೊಳಗೆ ತಲೆ ತೂರಿಸಿದ್ದು ಗರಗಸದ ಒಂದು ಗೀರು ನೋಡುವ ಚಪಲಕ್ಕೆ.

ಟೋರ್ಬರಿ ಊರಿನ ಹುಲ್ಲುಬಯಲಿನ ನಡುವೆ, ಬಿಳಿ ಚರ್ಚಿನ ಎದುರಿಗೆ, ಆ ಹಲಗೆ ಕಂಬದ ಮೇಲೆ ನಿಂತಿತ್ತು. ಅಮೆರಿಕ ಇನ್ನೂ ಇಂಗ್ಲೆಂಡಿನ ದೊರೆಯ ಕೈಕೆಳಗಿದ್ದ ಕಾಲದಲ್ಲಿ ಪಾದ್ರಿಯನ್ನು ಗೇಲಿ ಮಾಡಿದವರ ಕತ್ತನ್ನೂ ಕೈಗಳನ್ನೂ ಅದರ ತೂತುಗಳಿಗೆ ಸಿಕ್ಕಿಸಿ ಬಿಸಿಲಿಗೆ ನಿಲ್ಲಿಸುತ್ತಿದ್ದರಂತೆ. ಅಣಕದ ಪದ್ಯ ಬರೆದ ಶಾಲಾಮಾಸ್ತರನೊಬ್ಬ ಅಲ್ಲಿ ನಿಂತಿದ್ದನೆಂಬುದು ಊರಿನ ಹೆಮ್ಮೆ. ಹಲಗೆಯ ಚಿತ್ರ ಬೇಕರಿಯ ಚೀಲದ ಮೇಲಿತ್ತು, ಪೊಲೀಸ್ ಕಾರಿನ ಬಾಗಿಲ ಮೇಲೂ ಇತ್ತು.

ಪಕ್ಕದೂರಿನ ಕಾಲೇಜಿನಲ್ಲಿ ಹದಿನೆಂಟನೆಯ ಶತಮಾನದ ಅಮೆರಿಕನ್ ಸಾಹಿತ್ಯ ಕಲಿಸುತ್ತಿದ್ದ ಟ್ವಿಚೆಲ್, ಆ ಕಾಲದ ಅಣಕಪದ್ಯ, ಧರ್ಮೋಪದೇಶಗಳ ಧೂಳು ಕುಡಿಯುತ್ತಲೇ ತಲೆ ನರೆಸಿಕೊಂಡಿದ್ದ. ಮಾಸ್ತರ ನಿಜ, ಪದ್ಯ ನಿಜ, ಹಲಗೆ ಮಾತ್ರ ನಕಲಿ, ನೂರು ವರ್ಷ ಕಳೆದ ಮೇಲೆ ಯಾರೋ ಉತ್ಸಾಹಿಗಳು ಮಾಡಿಸಿ ನಿಲ್ಲಿಸಿದ್ದು ಎಂಬುದು ಅವನ ತೀರ್ಮಾನ. ಅದನ್ನೇ ಪ್ರಬಂಧವಾಗಿ ಬರೆದಿದ್ದ. ಅವನ ನೌಕರಿ ಕಾಯಂ ಆಗುವುದು ಆ ಪ್ರಬಂಧದ ಮೇಲೆ ನಿಂತಿತ್ತು. ಅಂದು ಮಧ್ಯಾಹ್ನ ಊರಿನ ಇತಿಹಾಸ ಸಂಘದಲ್ಲಿ ಅದನ್ನು ಓದಬೇಕಿತ್ತು.

ಕೈಗರಗಸ ಮರದ ಮೇಲೆ ನೇರ ಗೀರು ಬಿಡುತ್ತದೆ. ಯಂತ್ರದ ದುಂಡು ಗರಗಸ ಕಮಾನಿನಂಥ ಗೀರು ಬಿಡುತ್ತದೆ, ಆದರೆ ಆ ದೊರೆಯ ಕಾಲದಲ್ಲಿ ಅದು ಇರಲಿಲ್ಲ. ಕಮಾನು ಕಂಡರೆ ಹಲಗೆ ನಕಲಿ. ಹೊರಗೆಲ್ಲ ಬಣ್ಣ ಬಳಿದಿದ್ದರು, ಕತ್ತಿನ ತೂತಿನ ಒಳಅಂಚೊಂದೇ ಉಳಿದಿತ್ತು. ಟ್ವಿಚೆಲ್ ಮೇಲಿನ ಹಲಗೆಯನ್ನು ಎತ್ತಿ ನಿಲ್ಲಿಸಿ, ತಲೆ ತೂರಿಸಿ, ಪಕ್ಕದ ತೂತಿನಿಂದ ಭೂತಗನ್ನಡಿ ಹಿಡಿದ ಬಲಗೈ ಚಾಚಿ, ಕೊಕ್ಕರೆಯ ಹಾಗೆ ಕತ್ತು ತಿರುಗಿಸಿ ನೋಡಿದ. ಕಮಾನು ಇತ್ತು. ಬಿದಿಗೆಯ ಚಂದ್ರನಷ್ಟು ಸ್ಪಷ್ಟವಾಗಿ ಇತ್ತು. ಖುಷಿಗೆ ಮೈ ಕುಲುಕಿತು. ಮೇಲಿನ ಹಲಗೆ ಧಡಾರನೆ ಬಿದ್ದು, ಒಳಗಿನ ಕಬ್ಬಿಣದ ನಾಲಿಗೆ ಕಟಕ್ಕೆಂದು ಕೂತಿತು. ಅದನ್ನೆತ್ತುವ ಹಿಡಿ ಯಾವ ಕಾಲದಲ್ಲಿ ಮುರಿದಿತ್ತೋ ಯಾರಿಗೂ ಗೊತ್ತಿರಲಿಲ್ಲ.

ಅಂದು ಬಯಲಿನಲ್ಲಿ ರೈತರ ಸಂತೆ. ಬಂದವರೆಲ್ಲ ಇದೂ ಸಂತೆಯ ಮನರಂಜನೆಯೆಂದುಕೊಂಡರು. ಒಂದು ಸಂಸಾರ ಅವನ ಅಕ್ಕಪಕ್ಕ ನಿಂತು ಫೋಟೋ ತೆಗೆಸಿಕೊಂಡಿತು. ನಿಜವಾಗಿಯೂ ಸಿಕ್ಕಿಹಾಕಿಕೊಂಡಿದ್ದೇನೆ ಎಂದು ಅವನು ವಿನಯದಿಂದ ತಿಳಿಸಿದರೆ, ಎಷ್ಟು ಸಹಜವಾದ ನಟನೆ ಎಂದು ಮೆಚ್ಚಿಕೊಂಡಿತು. ಚಿಪ್ಪುಮೀನಿನ ಸೂಪು ಮಾರುವವಳು, ಹಸಿದಿರಬೇಕು ಪಾಪ ಎಂದು ಕೇಳದೆಯೇ ಒಂದು ಚಮಚ ಬಾಯಿಗೆ ಸುರಿದಳು. ಅರ್ಧ ಗದ್ದಕ್ಕಿಳಿಯಿತು.

ಕೊನೆಗೆ ಅವನ ಮಾತು ನಂಬಿದವನು ಡೆಲ್ಬರ್ಟ್ ಒಬ್ಬನೇ. ಬಡಗಿ, ಊರಿನ ಅಗ್ನಿಶಾಮಕ ದಳದಲ್ಲಿ ಸ್ವಯಂಸೇವಕ. ಮೊದಲು ಪ್ರೊಫೆಸರನ ಕಿವಿಗಳಿಗೆ ಬೆಣ್ಣೆ ಸವರಿ ಎಳೆದ. ಕಿವಿ ಕೆಂಪಾಯಿತು, ತಲೆ ಬರಲಿಲ್ಲ. ಆಮೇಲೆ ಗರಗಸ ತಂದ.

"ಕೊಯ್ದುಬಿಡಪ್ಪ, ಇದೇನು ಅಸಲಿ ಅಲ್ಲ," ಎಂದ ಟ್ವಿಚೆಲ್.

"ಅದು ಹಂಗಲ್ಲ ಸಾರ್. ಮಿಸೆಸ್ ಪೆಕ್ ಒಂದು ಮಾತು ಹೇಳ್ಬೇಕು. ನಾಳೆ ಈ ಊರಲ್ಲಿ ಬಾಳ್ವೆ ಮಾಡೋನು ನಾನು."

ಇತಿಹಾಸ ಸಂಘದ ಅಧ್ಯಕ್ಷೆ ಕಾರ್ಡೀಲಿಯಾ ಪೆಕ್ ಹುಲ್ಲುಟೋಪಿ ಹಾಕಿಕೊಂಡು ನಿಧಾನವಾಗಿ ಬಂದರು. ಮಡಚುವ ಕುರ್ಚಿ ತರಿಸಿ ಅವನ ಮೂಗಿನೆದುರಿಗೇ ಕೂತರು.

"ನಕಲಿ ಅಂತೀರಂತಲ್ಲ ಪ್ರೊಫೆಸರ್ರೇ. ನಕಲಿ ಹಲಗೆ ಇಷ್ಟು ಗಟ್ಟಿ ಹಿಡ್ಕೊಳ್ಳತ್ತಾ?"

"ಪುರಾವೆ ಇದೆ ಮೇಡಂ. ಈಗ ತಾನೇ ಕಣ್ಣಾರೆ ನೋಡಿದೆ."

"ಎಲ್ಲಿದೆ, ತೋರಿಸಿ."

"ನನ್ನ ಗದ್ದದ ಕೆಳಗೆ."

ಮಿಸೆಸ್ ಪೆಕ್ ಬಗ್ಗಿ, ಕನ್ನಡಕ ಸರಿಮಾಡಿಕೊಂಡು ನೋಡಿದರು. "ಸೂಪ್ ಕಾಣಿಸ್ತಿದೆ," ಎಂದರು.

ಭಾಷಣದ ಹೊತ್ತಾಯಿತು. ಭಾಷಣಕಾರ ಸಭಾಂಗಣಕ್ಕೆ ಬರುವಂತಿರಲಿಲ್ಲವಾದ್ದರಿಂದ ಸಂಘದವರು ಕುರ್ಚಿಗಳನ್ನೇ ಬಯಲಿಗೆ ಹೊತ್ತು ತಂದರು. ಸಭಾಂಗಣದಲ್ಲಿ ಎಂದೂ ಸೇರದಷ್ಟು ಜನ ಸೇರಿದರು. ಮುಂದಿನ ಸಾಲಿನಲ್ಲಿ ನೀಲಿ ಅಂಗಿಯ ಹೆಂಗಸೊಬ್ಬಳು ಐಸ್‌ಕ್ರೀಮ್ ತಿನ್ನುತ್ತ ಕೂತಿದ್ದಳು. ಮಿಸೆಸ್ ಪೆಕ್ ಅವನ ಕಿವಿಯ ಬಳಿ ಬಂದು ದನಿ ತಗ್ಗಿಸಿದರು.

"ನೋಡಿ, ನನಗೇನೂ ಹಗೆ ಇಲ್ಲ. ಈ ಹಲಗೆ ಅಸಲಿ ಅಂತ ಎಲ್ಲರೆದುರಿಗೆ ಒಂದು ಮಾತು ಹೇಳಿ. ಆ ಕ್ಷಣಕ್ಕೇ ಡೆಲ್ಬರ್ಟ್ ಕೊಯ್ತಾನೆ. ಮರದ ಒಂದು ಪಟ್ಟಿ ಹೋದ್ರೆ ಹೋಗ್ಲಿ, ಊರಿನ ಮರ್ಯಾದೆ ಉಳೀತಲ್ಲ."

ಸಾಧ್ಯವೇ ಇಲ್ಲ ಎಂದ ಟ್ವಿಚೆಲ್. ವಿದ್ವಾಂಸನ ನಾಲಿಗೆ ಮಾರಾಟಕ್ಕಿಲ್ಲ ಎಂದ. ಅಷ್ಟರಲ್ಲಿ ಗದ್ದದ ಸೂಪಿನ ವಾಸನೆಗೆ ಕಣಜದ ಹುಳುವೊಂದು ಬಂದು ಮೂಗಿನ ಸುತ್ತ ಪ್ರದಕ್ಷಿಣೆ ಹಾಕತೊಡಗಿತು. ನೆತ್ತಿ ಸುಡುತ್ತಿತ್ತು. ಇವೆಲ್ಲವನ್ನೂ ಸಹಿಸಿಕೊಳ್ಳಬಹುದಿತ್ತು, ಆದರೆ ಬೆಳಿಗ್ಗೆ ಲೋಟದ ಮೇಲೆ ಲೋಟ ಕುಡಿದ ಕಾಫಿ ಈಗ ಹೊರದಾರಿ ಕೇಳುತ್ತಿತ್ತು. ಕಾಲಿಗೆ ಕಾಲು ಹೆಣೆದು ನಿಂತ. ಕಾಲು ಬದಲಿಸಿದ. ಪ್ರಬಂಧ, ನೌಕರಿ, ಸತ್ಯ, ಎಲ್ಲವೂ ಸಾಲಾಗಿ ಕಣ್ಣೆದುರಿಗೆ ಬಂದು, ಸಾಲಾಗಿ ಹೊರಟುಹೋದವು.

"ಮಾನ್ಯರೇ, ಈ ಹಲಗೆ ಅಸಲಿ," ಎಂದ.

ಶುರು ಮಾಡಿದ ಮೇಲೆ ಅರೆಮನಸ್ಸಿನಿಂದ ಪಾಠ ಮಾಡುವುದು ಅವನಿಗೆ ಗೊತ್ತಿರಲಿಲ್ಲ. ಮರದ ಜಾತಿ ಹೇಳಿದ, ಕಬ್ಬಿಣ ಬಡಿದ ರೀತಿ ಹೇಳಿದ, ಇದೇ ತೂತಿನಲ್ಲಿ ಕತ್ತಿಟ್ಟು ಆ ಬಡ ಮಾಸ್ತರ ಯಾವ ಪದ್ಯ ಗುನುಗಿರಬಹುದೆಂದೂ ಹೇಳಿದ. ಇಡೀ ಅಮೆರಿಕದಲ್ಲಿ ಇದಕ್ಕಿಂತ ಅಪ್ಪಟವಾದದ್ದು ಇನ್ನೊಂದಿಲ್ಲ ಎಂದು ಮುಗಿಸಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಿಸೆಸ್ ಪೆಕ್ ಕಣ್ಣೊರೆಸಿಕೊಂಡರು.

"ಡೆಲ್ಬರ್ಟ್, ಕೊಯ್ಯಪ್ಪ," ಎಂದರು.

ಡೆಲ್ಬರ್ಟ್ ಹಲಗೆಯ ಮೇಲೆ ಗರಗಸ ಇಟ್ಟ.

"ಸ್ವಲ್ಪ ನಿಲ್ಸಿ," ಎಂದಳು ಮುಂದಿನ ಸಾಲಿನ ನೀಲಿ ಅಂಗಿಯವಳು. ಐಸ್‌ಕ್ರೀಮಿನ ಕೊನೆಯ ತುಣುಕನ್ನು ಬಾಯಿಗೆ ಹಾಕಿಕೊಂಡು ಎದ್ದು ಬಂದಳು. ಹೆಸರು ಇನೆಜ್ ಮೊರೆಯ್ರಾ ಎಂದಳು; ಪುರಾತನ ವಸ್ತುಗಳನ್ನು ಕಾಯುವ ಸರ್ಕಾರಿ ಇಲಾಖೆಯವಳು. ಭಾಷಣ ಕೇಳಿ ಹಲಗೆ ನಕಲಿಯೋ ಅಸಲಿಯೋ ತೀರ್ಮಾನಿಸಲು ಕಳಿಸಿದ್ದರಂತೆ.

"ನಕಲಿ ಅಂದಿದ್ರೆ ಈಗಲೇ ಸೌದೆ ಮಾಡ್ಕೊಳ್ಳಿ ಅಂತಿದ್ದೆ," ಎಂದಳು. "ನೀವೇ ಇಷ್ಟು ಚೆನ್ನಾಗಿ ಹೇಳಿದ್ಮೇಲೆ ಇನ್ನು ಇದಕ್ಕೆ ಗರಗಸ ಮುಟ್ಟಿಸಿದ್ರೆ ಜೈಲು. ನಮ್ಮ ತಜ್ಞರು ಸೋಮವಾರ ಬರ್ತಾರೆ. ಅವರು ನಾಜೂಕಾಗಿ ಬಿಡಿಸ್ತಾರೆ."

"ನಕಲಿ ಅಮ್ಮಾ ಇದು, ನಕಲಿ. ನನ್ನ ಗದ್ದದ ಕೆಳಗೆ ನೋಡಿ," ಎಂದ ಟ್ವಿಚೆಲ್. ದನಿ ಅಳುವಿಗೆ ತಿರುಗಿತ್ತು.

"ಅದರಲ್ಲಿ ಸಿಕ್ಕಿಕೊಂಡೋರು ಬಿಡಿಸ್ಕೊಳ್ಳೋಕೆ ಏನು ಬೇಕಾದ್ರೂ ಹೇಳ್ತಾರಮ್ಮ," ಎಂದರು ಮಿಸೆಸ್ ಪೆಕ್.

ಡೆಲ್ಬರ್ಟ್ ಗರಗಸವನ್ನು ಬೆನ್ನಹಿಂದೆ ಅಡಗಿಸಿಕೊಂಡು ಒಂದು ಬಕೆಟ್ ತರಲು ಹೋದ. ಇನೆಜ್ ಸುತ್ತಲೂ ಹಗ್ಗ ಕಟ್ಟಿಸಿ, ತನ್ನ ಚೀಲದಿಂದ ಸರ್ಕಾರದ ಫಲಕವೊಂದನ್ನು ಹೊರತೆಗೆದಳು. ಅಪರೂಪದ ಪುರಾತನ ವಸ್ತು, ಯಾರೂ ಮುಟ್ಟಬಾರದು ಎಂದು ಅದರಲ್ಲಿ ದಪ್ಪಕ್ಷರದಲ್ಲಿತ್ತು. ಅಪ್ಪಟ ಹದಿನೆಂಟನೆಯ ಶತಮಾನದ ಮರಕ್ಕೆ ಮೊಳೆ ಹೊಡೆಯುವಂತಿರಲಿಲ್ಲ. ಅತ್ತಿತ್ತ ನೋಡಿದಳು. ಆಮೇಲೆ ಟ್ವಿಚೆಲ್‌ನ ಬಲಗೈಯಿಂದ ಭೂತಗನ್ನಡಿಯನ್ನು ಮೆಲ್ಲಗೆ ಬಿಡಿಸಿ, ಫಲಕವನ್ನು ಅವನ ಬೆರಳಿಗೆ ತಗುಲಿಹಾಕಿದಳು.