ಮಿಕ್ಸಿಯ ನಡತೆ ವಿಚಾರಿಸಿದ್ದು

ಬೆಂಡೆಕಾಯಿಯ ತುದಿ ಮುರಿದು ನೋಡದೆ ಕೊಂಡ ವಂಶ ನಮ್ಮದಲ್ಲ. ದೇವರಾಜ ಮಾರುಕಟ್ಟೆಯಲ್ಲಿ ನಮ್ಮಮ್ಮ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಬೆರಳಲ್ಲಿ ಕುಟ್ಟಿ, ಕೊನೆಗೆ ಬೇರೆಯದನ್ನೇ ಆರಿಸುತ್ತಿದ್ದರು. ಅಂಥವರ ಮಗನಾದ ನಾನು ಈಗ ಮೊಬೈಲಿನಲ್ಲಿ ಬರಿಯ ಚಿತ್ರ ನೋಡಿ ಸಾಮಾನು ತರಿಸುತ್ತೇನೆ. ಅಲ್ಲಿ ಮುರಿಯಲು ತುದಿಯಿಲ್ಲ, ಕುಟ್ಟಲು ಕಾಯಿಯಿಲ್ಲ. ಇರುವುದೆಲ್ಲ ಕಂಡು ಕೇಳರಿಯದ ಜನ ಬರೆದಿಟ್ಟ ರಿವ್ಯೂಗಳು. ಅವನ್ನು ಓದುವುದೂ ಒಂದು ವಿದ್ಯೆ ಎಂಬುದು ನನಗೆ ತಿಳಿದದ್ದು ಒಂದು ಮಿಕ್ಸಿ ಸುಟ್ಟ ಮೇಲೆ.

ಆ ಮಿಕ್ಸಿಯನ್ನು ನಾನು ಆರಿಸಿದ್ದು ಐದು ಸ್ಟಾರ್ ನೋಡಿ. ಸೂಪರ್, ಹೇಳಿದ ದಿನಕ್ಕೇ ಬಂತು, ಬಣ್ಣ ಚೆನ್ನಾಗಿದೆ ಎಂದು ಜನ ಹೊಗಳಿದ್ದೇ ಹೊಗಳಿದ್ದು. ಒಬ್ಬರಾದರೂ ಅದರಲ್ಲಿ ಏನನ್ನಾದರೂ ರುಬ್ಬಿದ್ದಾಗಿ ಬರೆದಿರಲಿಲ್ಲ. ಅದು ನನ್ನ ಗಮನಕ್ಕೆ ಬರಲಿಲ್ಲ. ಸಂಕ್ರಾಂತಿ ಕಳೆದು ಶಿವರಾತ್ರಿ ಬರುವಷ್ಟರಲ್ಲಿ, ಉದ್ದಿನಬೇಳೆ ರುಬ್ಬುವಾಗ ಅದು ಒಮ್ಮೆ ನರಳಿ, ಹೊಗೆ ಬಿಟ್ಟು, ನಿಂತೇಹೋಯಿತು. ನನ್ನ ಹೆಂಡತಿ ಶಾರದೆ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. "ಯುಗಾದಿ ಒಬ್ಬಟ್ಟಿಗೆ ಹೂರಣ ರುಬ್ಬಬೇಕು. ನನ್ ತಮ್ಮ ಒಂದು ತಂದುಕೊಡ್ತಾನೆ, ನೀವು ಬುಡಿ" ಎಂದಳು. ರಾಮಕೃಷ್ಣನಗರದಲ್ಲಿರುವ ಅವಳ ತಮ್ಮ ಸತೀಶ ತಂದುಕೊಟ್ಟ ಯಾವ ವಸ್ತುವೂ ಇದುವರೆಗೆ ಕೆಟ್ಟಿಲ್ಲ. ಅವನು ಆರಿಸಿದ ಫ್ಯಾನಿನ ಕೆಳಗೇ ನಾನು ದಿನಾ ಮಲಗುತ್ತೇನೆ. ಇನ್ನು ಅವನ ಮಿಕ್ಸಿಯ ಚಟ್ನಿಯನ್ನೂ ತಿನ್ನಬೇಕೆಂದರೆ, ನಾನು ಈ ಮನೆಯ ಯಜಮಾನ ಎನ್ನುವುದಕ್ಕೆ ಗೇಟಿನ ಮೇಲಿನ ಹೆಸರೊಂದೇ ಸಾಕ್ಷಿ. ಹಬ್ಬದೊಳಗೆ ನಾನೇ ತರಿಸುತ್ತೇನೆ, ಇದೂ ಕೆಟ್ಟರೆ ಮುಂದೆ ಈ ಮನೆಗೆ ಒಂದು ಸೂಜಿಯನ್ನೂ ಕೊಳ್ಳುವುದಿಲ್ಲ ಎಂದು ಮಾತು ಕೊಟ್ಟೆ.

ಮಾತು ಕೊಟ್ಟ ಮೇಲೆ ನೆನಪಾದವರು ಯಾದವಗಿರಿಯ ನಮ್ಮ ದೊಡ್ಡಮ್ಮ. ನೆಂಟರಿಷ್ಟರಲ್ಲಿ ಯಾವ ಹುಡುಗಿಗೆ ಸಂಬಂಧ ಬಂದರೂ ಗಂಡಿನ ನಡತೆ ವಿಚಾರಿಸುವ ಕೆಲಸ ಅವರದೇ. ಅವರು ಗಂಡಿನ ಚಿಕ್ಕಪ್ಪ ದೊಡ್ಡಪ್ಪಂದಿರನ್ನು ಕೇಳುವುದೇ ಇಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ಅವರೇನು ಹೇಳುತ್ತಾರೆ ಎನ್ನುತ್ತಾರೆ. ಹಿತ್ತಲಿನ ಬಾಡಿಗೆಯವರನ್ನು ಕೇಳುತ್ತಾರೆ. ಅಲ್ಲಿಯೂ ಹುಡುಗ ಒಳ್ಳೆಯವನೇ ಎಂದಲ್ಲ, ಕಾಫಿ ತಣ್ಣಗಿದ್ದರೆ ಏನು ಮಾಡುತ್ತಾನೆ ಎಂದು ಕೇಳುತ್ತಾರೆ. "ಐಬಿಲ್ದಿರೋ ಗಂಡು ಎಲ್ಲೂ ಇಲ್ಲ ಕಣೋ. ಆ ಐಬಿನ ಜೊತೆ ಬಾಳಕ್ಕಾಗುತ್ತಾ ಅಂತ ನೋಡ್ಬೇಕು" ಎಂಬುದು ಅವರ ಸಿದ್ಧಾಂತ.

ನಾನು ಟೊಂಕ ಕಟ್ಟಿ ನಿಂತೆ. ಎಂದರೆ, ಸೋಫಾದ ಮೇಲೆ ಮೊಬೈಲು ಹಿಡಿದು ಕೂತೆ. ಬಂದ ದಿನವೇ ಬರೆದ ಹೊಗಳಿಕೆಗಳನ್ನೆಲ್ಲ ಬಿಟ್ಟೆ. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ. ನಾಲ್ಕು ಹೆಸರಿನಲ್ಲಿ ಒಂದೇ ವಾಕ್ಯ ಕಂಡರೆ, ಇವರೆಲ್ಲ ಗಂಡಿನ ಚಿಕ್ಕಪ್ಪಂದಿರು ಎಂದು ಪಕ್ಕಕ್ಕಿಟ್ಟೆ. ಡಬ್ಬ ಹರಿದಿತ್ತೆಂದು ಒಂದೇ ಸ್ಟಾರ್ ಕೊಟ್ಟ ಸಿಡುಕರನ್ನೂ ನಂಬಲಿಲ್ಲ. ಹರಿದದ್ದು ಡಬ್ಬ, ಮಿಕ್ಸಿಯಲ್ಲ. ಉಳಿದವರು ಮೂರು ಸ್ಟಾರಿನವರು, ಹೊಗಳಿ ಕೊನೆಯಲ್ಲಿ 'ಆದರೆ' ಎನ್ನುವ ಜನ. ಅವರು ಹಾಕಿದ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ಜಾರಿನ ಮೇಲೆ ಅರಿಶಿನದ ಕಲೆಯಿದ್ದರೆ ಮಾತ್ರ ಅವರ ಮಾತಿಗೆ ಬೆಲೆ. ಈ ಶೋಧನೆ ಮುಗಿಯುವವರೆಗೆ ನಮ್ಮ ಮನೆಯಲ್ಲಿ ಇಡ್ಲಿ ದೋಸೆಯ ಸುದ್ದಿಯೇ ಇರಲಿಲ್ಲ. ಬೆಳಗಾದರೆ ಉಪ್ಪಿಟ್ಟು. ಶಾರದೆ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದಳು. ನಾನು ಜಗ್ಗಲಿಲ್ಲ, ಉಪ್ಪಿಟ್ಟು ತಿನ್ನುತ್ತಲೇ ಓದಿದೆ.

ಕೊನೆಗೂ ಒಬ್ಬ ಮಹಾತಾಯಿ ಸಿಕ್ಕರು. ಒಂದು ವರ್ಷ ಬಳಸಿ ಬರೆದಿದ್ದರು: ಉದ್ದು, ಹೂರಣ, ಒಣಕೊಬ್ಬರಿ ಎಲ್ಲ ರುಬ್ಬಿದ್ದೇನೆ, ಬಿಸಿಯಾಗುವುದಿಲ್ಲ, ಆದರೆ ಸದ್ದು ವಿಪರೀತ, ಹಾಕಿದರೆ ಮನೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ. ಐಬು ಗೊತ್ತಾಯಿತು, ಬಾಳಬಹುದಾದ ಐಬು. ತರಿಸಿದೆ. ಹಬ್ಬದ ಹಿಂದಿನ ದಿನ ಬಂತು. ಮರುದಿನ ಹೂರಣ ಬೆಣ್ಣೆಯಂತಾಯಿತು. ಊಟಕ್ಕೆ ಬಂದಿದ್ದ ಸತೀಶ ಮೂರನೆಯ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ, ಯಾವ ಮಿಕ್ಸಿ ಭಾವ ಇದು, ನಮಗೂ ಒಂದು ತರಿಸಿಕೊಡಿ ಎಂದ. ಆ ಕ್ಷಣ ನನಗಾದಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಸಂತೋಷ ತಡೆಯಲಾರದೆ ಮಾರನೆಯ ಬೆಳಿಗ್ಗೆ, ಚಟ್ನಿಗೆ ಕಾಯಿ ತುರಿಯುತ್ತಿದ್ದ ಶಾರದೆಯ ಹತ್ತಿರ ನಿಂತು ನನ್ನ ವಿಚಾರಣೆಯ ವಿಧಾನವನ್ನು ಸವಿಸ್ತಾರವಾಗಿ ವರ್ಣಿಸಿದೆ. ಎಲ್ಲ ದೊಡ್ಡಮ್ಮನಿಂದ ಕಲಿತದ್ದು ಎಂದೂ ಸೇರಿಸಿದೆ. ಅವಳು ತುರಿಮಣೆಯಿಂದ ತಲೆಯೆತ್ತಲಿಲ್ಲ.

"ಸಂಬಂಧ ಬಂದಾಗ ನಮ್ಮಪ್ಪ ನಿಮ್ಮ ವಿಷಯಾನೂ ವಿಚಾರಿಸಿದ್ರು ಕಣ್ರೀ. ಎಲ್ಲರೂ ಹೊಗಳಿದ್ದೇ. ನಿಮ್ಮ ದೊಡ್ಡಮ್ಮ ಒಬ್ಬರು ಮಾತ್ರ, ಹುಡುಗ ಅಪರಂಜಿ, ಆದ್ರೆ ಒಂದು ಸೋಪು ತರಕ್ಕೆ ಕಳ್ಸಿದ್ರೂ ನಾಲ್ಕು ಅಂಗಡಿ ಸುತ್ಕೊಂಡು ಸಂಜೆಗೆ ಬರ್ತಾನೆ ಅಂದ್ರು. ನಮ್ಮಪ್ಪ ಅದನ್ನ ಜವಾಬ್ದಾರಿ ಅನ್ಕೊಂಡ್ಬುಟ್ರು."

ಅದು ಮೂರು ಸ್ಟಾರಿನ ರಿವ್ಯೂ ಎಂದು ನನಗೆ ತಕ್ಷಣ ಹೊಳೆಯಿತು. ಈಚೆಗೆ ಚೆನ್ನಾಗಿ ಅಭ್ಯಾಸವಾಗಿತ್ತಲ್ಲ. ಆದರೂ ಧೈರ್ಯ ಮಾಡಿ, ಇಷ್ಟು ವರ್ಷ ಬಳಸಿದವಳು ನೀನು, ನೀನೆಷ್ಟು ಸ್ಟಾರ್ ಕೊಡುತ್ತೀ ಎಂದು ಕೇಳಿಯೇಬಿಟ್ಟೆ. ಶಾರದೆ ಕಾಯಿತುರಿಯನ್ನು ಜಾರಿಗೆ ಹಾಕಿ, ಮುಚ್ಚಳ ಒತ್ತಿ ಹಿಡಿದು, ಗುಂಡಿ ತಿರುಗಿಸುತ್ತಾ ಏನೋ ಹೇಳಿದಳು. ನಗುತ್ತಿದ್ದಳು ಎಂಬುದಷ್ಟೇ ನನಗೆ ಕಂಡದ್ದು. ಸದ್ದಿನ ವಿಷಯದಲ್ಲಿ ಆ ಮಹಾತಾಯಿ ಬರೆದದ್ದು ಅಕ್ಷರಶಃ ನಿಜ.