ರಾಜ ಏನು ಹೇಳಬೇಕಿತ್ತು?

ಆ ದಿನ ಬೆಳಿಗ್ಗೆಯೂ ಎಂದಿನಂತೆ ಹಾಲಿನವನ ಸೈಕಲ್ ಗಂಟೆಗೆ ಎದ್ದೆ. ಬಾಗಿಲಿಗೆ ನೀರು ಹಾಕಿ ನಾಲ್ಕೆಳೆ ರಂಗೋಲಿ ಬಿಟ್ಟೆ, ಇಳಿಯಲೊಲ್ಲದ ಡಿಕಾಕ್ಷನ್ನಿಗಾಗಿ ಫಿಲ್ಟರಿನ ತಲೆಯ ಮೇಲೆ ಎರಡು ಸಲ ಕುಟ್ಟಿದೆ, ಹಾಲನ್ನು ಒಲೆಯ ಮೇಲಿಟ್ಟೆ. ಹಾಲು ಉಕ್ಕಿ ಬರುವಷ್ಟರಲ್ಲಿ ನಾನು ಒಂದು ಕಿರೀಟ ಬರೆದು ಮುಗಿಸಬಲ್ಲೆ. ಬೇಳೆ ಬೇಯುವುದರೊಳಗೆ ಸಣ್ಣದೊಂದು ಸೈನ್ಯ ಸಿದ್ಧವಾಗುತ್ತದೆ. ಕಡಲೆಬೇಳೆಯಾದರೆ ಅದಕ್ಕೆ ಗುರಾಣಿಗಳೂ ಬರುತ್ತವೆ. ಯಾರ ಹಂಗೂ ಇಲ್ಲದೆ ತಾನೇ ಕಥೆ ಕಟ್ಟಿ, ತಾನೇ ಚಿತ್ರ ಬರೆದು, ಮಕ್ಕಳಿಗೆ ಚಿತ್ರಕಥೆ ಪುಸ್ತಕ ಮಾಡುವ ಗೃಹಿಣಿಯ ಕಚೇರಿ ಸಮಯ ಇದೇ: ಒಂದು ಪಾತ್ರೆ ಇಳಿಸುವುದಕ್ಕೂ ಇನ್ನೊಂದು ಏರಿಸುವುದಕ್ಕೂ ನಡುವೆ. ಮೇಜು ಎಂದರೆ ಮಗುಚಿಟ್ಟ ಚಪಾತಿ ಮಣೆ. ನನ್ನ ಪುಸ್ತಕಗಳಲ್ಲಿ ಯುದ್ಧಭೂಮಿ ಒಮ್ಮೊಮ್ಮೆ ಅರಿಸಿನ ಬಣ್ಣಕ್ಕಿದ್ದರೆ ಅದಕ್ಕೆ ಸೂರ್ಯಾಸ್ತ ಕಾರಣವಲ್ಲ.

ನಾನು ಚಿತ್ರ ಕಲಿತದ್ದು ಕಾನ್ವೆಂಟಿನಲ್ಲಿ. ಅಲ್ಲಿನ ಸಿಸ್ಟರ್ ನಮಗೆ ಹೂದಾನಿ, ಟೀ ಕೆಟಲ್, ಮೇಜಿನ ಮೇಲಿನ ಲೇಸ್ ಬಟ್ಟೆ, ಇಷ್ಟನ್ನು ಎಂಟು ವರ್ಷ ಬರೆಸಿದರು. ಆದ್ದರಿಂದ ನನ್ನ ರಾಜರ ಅರಮನೆಯಲ್ಲಿ ಎಲ್ಲಿ ನೋಡಿದರೂ ಹೂದಾನಿ. ರಾಕ್ಷಸನ ಗುಹೆಯಲ್ಲೂ ಒಂದು ಇದೆ. ಚಿತ್ರವೇನೋ ಹೀಗೆ ಸಾಗಿತು, ಕಷ್ಟವಾದದ್ದು ಅಕ್ಷರ. ಇಂಗ್ಲಿಷಿನಲ್ಲಿ ಮುತ್ತು ಪೋಣಿಸಿದಂತೆ ಬರೆಯುವ ನನ್ನ ಕೈ ಕನ್ನಡಕ್ಕೆ ಬಂದರೆ ಮಳೆಯಲ್ಲಿ ಸಿಕ್ಕಿಬಿದ್ದ ಕೋಳಿಮರಿಗಳನ್ನು ಸಾಲಾಗಿ ನಿಲ್ಲಿಸಿದ ಹಾಗೆ. ಚಿತ್ರಕಥೆಯಲ್ಲಿ ಪಾತ್ರಗಳ ಬಾಯಿಯ ಪಕ್ಕ ಗುಂಡಗೆ ಗೆರೆ ಎಳೆದು ಒಳಗೆ ಮಾತು ಬರೆಯುತ್ತಾರಲ್ಲ, ಅದಕ್ಕೆ ನಮ್ಮ ಮನೆಯಲ್ಲಿ ಮಾತಿನ ಗುಳ್ಳೆ ಎಂದು ಹೆಸರು. ಆ ಗುಳ್ಳೆಗಳನ್ನು ತುಂಬಿಸುವುದು ನಮ್ಮ ಯಜಮಾನರ ಕೆಲಸ. ಅವರು ಸರ್ಕಾರಿ ಗುಮಾಸ್ತರು. ಅಕ್ಷರ ಅಚ್ಚಿನ ಹಾಗೆ. ಆದರೆ ಅಕ್ಷರದ ಜೊತೆಗೆ ಕಚೇರಿಯೂ ಬಂದುಬಿಡುತ್ತದೆ. ಹಿಂದಿನ ಪುಸ್ತಕದಲ್ಲಿ ಹುಲಿಯ ಮುಂದೆ ನಡುಗುವ ಜಿಂಕೆ, "ನನ್ನನ್ನು ಬಿಟ್ಟುಬಿಡು" ಎನ್ನಬೇಕಿತ್ತು. ಅಚ್ಚಾಗಿ ಬಂದಾಗ ನೋಡಿದರೆ, "ಸದರಿ ವಿಷಯವನ್ನು ಸಹಾನುಭೂತಿಯಿಂದ ಪರಿಶೀಲಿಸಬೇಕೆಂದು ಪ್ರಾರ್ಥನೆ" ಎನ್ನುತ್ತಿತ್ತು. ಹುಲಿ ಅದನ್ನು ತಿಂದದ್ದರಲ್ಲಿ ತಪ್ಪೇನೂ ಕಾಣಲಿಲ್ಲ.

ಆ ದಿನದ ಚಡಪಡಿಕೆಗೆ ಕಾರಣ ಹೊಸ ಪುಸ್ತಕದ ಕೊನೆಯ ಪುಟ. ದುಷ್ಟ ಮಂತ್ರಿಯೊಬ್ಬ ರಾಜಕುಮಾರಿಯನ್ನು ಕಾಡಿಗಟ್ಟುವ ಆಜ್ಞೆಯನ್ನು ತಾನೇ ಬರೆದು ತಂದು ರಾಜನಿಂದ ಒಪ್ಪಿಗೆಯ ಮುದ್ರೆ ಹಾಕಿಸಿರುತ್ತಾನೆ. ಅವಳು ಕಾಡು ಮೇಡು ಅಲೆದು, ಕೊನೆಗೆ ಆಸ್ಥಾನಕ್ಕೆ ಬಂದು, ಆ ಓಲೆಯನ್ನು ತಂದೆಯ ಮುಂದೆ ಹಿಡಿದು ಕೇಳುತ್ತಾಳೆ: "ಅಪ್ಪಾ, ಇದನ್ನು ಓದಿ ನೋಡಲಿಲ್ಲವೇ?" ಇಲ್ಲಿಯವರೆಗೆ ಕಥೆ ಸೊಗಸಾಗಿ ಬಂತು. ಇದಕ್ಕೆ ರಾಜ ಏನು ಹೇಳಬೇಕು ಎಂಬುದು ಮಾತ್ರ ನನಗೆ ತಿಳಿಯಲಿಲ್ಲ. ನಿಜಕ್ಕೂ ಆ ಮುಟ್ಠಾಳ ಯಾಕೆ ಓದಿ ನೋಡಲಿಲ್ಲ? ಸಾರಿಗೆ ಒಗ್ಗರಣೆ ಹಾಕುವಾಗ, ಬಟ್ಟೆ ಹಿಂಡುವಾಗ, ದೇವರಿಗೆ ದೀಪ ಹಚ್ಚುವಾಗಲೂ ಇದೇ ಚಿಂತೆ. ದೊಡ್ಡ ಗುಳ್ಳೆಯೊಂದನ್ನು ಬರೆದು ಖಾಲಿ ಬಿಟ್ಟಿದ್ದೆ. ಮೈಸೂರಿನ ಅಚ್ಚುಕೂಟದವರು, ಮರುದಿನ ಬೆಳಿಗ್ಗೆಯೊಳಗೆ ಪುಟ ಬಂದರೆ ಸರಿ, ಇಲ್ಲದಿದ್ದರೆ ಲಗ್ನಪತ್ರಿಕೆಗಳ ಕೆಲಸ ಹಿಡಿಯುತ್ತೇವೆ ಎಂದಿದ್ದರು. ಮದ್ದೂರಿನಲ್ಲಾಗಲಿ ಮಂಡ್ಯದಲ್ಲಾಗಲಿ ಮಕ್ಕಳು ಚಿತ್ರಕಥೆ ಓದುವುದು ಬೇಸಿಗೆ ರಜೆಯಲ್ಲಿ. ಲಗ್ನಗಳು ಮುಗಿಯುವ ಹೊತ್ತಿಗೆ ಶಾಲೆ ತೆರೆದಿರುತ್ತದೆ, ಒಂದು ವರ್ಷದ ದುಡಿಮೆ ಅಟ್ಟ ಸೇರುತ್ತದೆ.

ಕಾಫಿ ಕುಡಿದು ಪುಟವನ್ನು ತೆಗೆದು ನೋಡಿದೆ. ರಾಜನದೊಂದೇ ಅಲ್ಲ, ಗುಳ್ಳೆಗಳೆಲ್ಲ ಖಾಲಿ. ಯಜಮಾನರಿಗೆ ಹಿಂದಿನ ದಿನ ಇದ್ದಕ್ಕಿದ್ದಂತೆ ಮಳವಳ್ಳಿಗೆ ಕ್ಯಾಂಪು ಬಿದ್ದಿತ್ತು. ಹಾಸಿಗೆ ಸುತ್ತಿಕೊಂಡು ಹೊರಡುವ ಗಡಿಬಿಡಿಯಲ್ಲಿ ಅವರೂ ಮರೆತಿದ್ದರು, ಉಪ್ಪಿನಕಾಯಿ ಕಟ್ಟಿಕೊಡುವ ಗಡಿಬಿಡಿಯಲ್ಲಿ ನಾನೂ ಮರೆತಿದ್ದೆ. ಅದೇ ಹೊತ್ತಿಗೆ ಪಕ್ಕದ ಮನೆಯ ಚಿಕ್ಕತಾಯಮ್ಮನವರ ತಲೆ ಕಾಂಪೌಂಡಿನ ಮೇಲೆ ಕಾಣಿಸಿತು. ಅವರ ಯಜಮಾನರಿಗೆ ಮೈಸೂರಿನಲ್ಲಿ ರಾತ್ರಿ ಪಾಳಿಯ ಕೆಲಸ, ದಿನಾ ಸಂಜೆಯ ರೈಲಿಗೆ ಹೋಗುತ್ತಾರೆ. ನನ್ನ ಪುಟಗಳೆಲ್ಲ ಹೋಗುವುದು ಅವರ ಚೀಲದಲ್ಲೇ.

"ವಿಮಲಮ್ಮೋರೆ, ಅದೇನೋ ಕಡೇ ಪಟ ಕೊಡ್ತೀನಿ ಅಂದಿದ್ರಲ್ಲ, ನಮ್ಮೋರು ಗಾಡಿಗೆ ಓಗೋ ಒತ್ಗೆ ತಂದ್ಬುಡಿ. ಆಮೇಕೆ ತಡ ಆಯ್ತು ಅಂತ ನನ್ ಮ್ಯಾಕೆ ರೇಗ್ತಾರೆ ಕಣಮ್ಮ."

"ಈಗಲೇ ಮಳವಳ್ಳಿಗೆ ಹೋಗಿ ಬರ್ತೀನಿ" ಎಂದು ಬಾಗಿಲಿಗೆ ಬೀಗ ಹಾಕಿದೆ. ಯಾಕೆ ಎಂದು ಅವರು ಕೇಳಿದರು. ಅಕ್ಷರ ಬರೆಸುವುದಕ್ಕೆ ಎಂದೆ. ಅವರು ನನ್ನನ್ನು ಒಂದು ಥರಾ ನೋಡಿದರು.

ಬಸ್ಸಿನಲ್ಲಿ ಎರಡು ರಟ್ಟಿನ ನಡುವೆ ಪುಟವನ್ನಿಟ್ಟು, ಎಳೆಮಗುವಿನ ಹಾಗೆ ತೊಡೆಯ ಮೇಲೆ ಹಿಡಿದು ಕುಳಿತೆ. ಮುಂದೆ ಕಬ್ಬಿನ ಗಾಡಿಗಳ ಸಾಲು. ಎತ್ತುಗಳು ಬೇಸಿಗೆ ರಜೆ ಮುಗಿಯಲಿ ಎಂದು ಕಾಯುತ್ತಿರುವ ಹಾಗೆ ಹೆಜ್ಜೆ ಇಡುತ್ತಿದ್ದವು. ಡ್ರೈವರ್ ಹಾರನ್ ಒತ್ತುತ್ತಿದ್ದ, ನಾನು ಇತ್ತ ಬಸ್ಸಿನ ನೆಲವನ್ನು ಕಾಲಿನಿಂದ ಒತ್ತುತ್ತಿದ್ದೆ. ರಟ್ಟು ಸ್ವಲ್ಪ ಜಾರಿದಾಗ ಪಕ್ಕದ ಹೆಂಗಸು ಇಣುಕಿ ರಾಜಕುಮಾರಿಯನ್ನು ನೋಡಿದಳು.

"ಗಂಡಿನ್ ಮನೆಗೆ ತೋರ್ಸಕ್ಕೆ ತಕ್ಕೋಯ್ತಿದ್ದೀರಾ? ಎಣ್ಣು ಲಕ್ಸಣವಾಗವ್ಳೆ. ಎಷ್ಟ್ ಓದವ್ಳೆ?"

ಕಾಡಿಗೆ ಹೋಗಿದ್ದರಿಂದ ಓದು ಅರ್ಧಕ್ಕೆ ನಿಂತಿದೆ ಎಂದು ಹೇಳೋಣವೆನಿಸಿತು. ಸುಮ್ಮನೆ ನಕ್ಕೆ.

ಮಳವಳ್ಳಿಯಲ್ಲಿ ನಮ್ಮವರು ಒಂದು ಚಾವಡಿಯ ಮೇಜಿನ ಹಿಂದೆ, ಕಾಗದದ ಕಟ್ಟುಗಳ ನಡುವೆ ಕುಳಿತಿದ್ದರು. ಎದುರಿಗೆ ಹಳ್ಳಿಯವರ ಸಾಲು. ನನ್ನನ್ನು ನೋಡಿ ಅವರ ಕನ್ನಡಕ ಮೂಗಿನ ತುದಿಗೆ ಇಳಿಯಿತು.

"ಏನೇ ಇದು? ಮನೇಲಿ ಎಲ್ಲ ಸರಿಯಾಗಿದೆ ತಾನೆ?"

"ಮನೆ ಸರಿಯಾಗಿದೆ. ಆಸ್ಥಾನ ಸರಿಯಿಲ್ಲ" ಎಂದು ರಟ್ಟು ಬಿಚ್ಚಿದೆ.

ಅವರು ನಾಲ್ಕೂ ದಿಕ್ಕಿಗೆ ನೋಡಿದರು. ಸಾಹೇಬರು ಊಟಕ್ಕೆ ಹೋಗಿದ್ದರು. ಕಾಗದದ ಕಟ್ಟೊಂದನ್ನು ಮರೆಗೆ ನಿಲ್ಲಿಸಿಕೊಂಡು ಮಸಿಯಲ್ಲಿ ನಿಬ್ಬು ಅದ್ದಿದರು. ನಾನು ಪಕ್ಕದಲ್ಲಿ ನಿಂತು ಪಿಸುದನಿಯಲ್ಲಿ ಹೇಳತೊಡಗಿದೆ.

"ಇಲ್ಲಿ ರಾಜಕುಮಾರಿ ಅಳ್ತಾಳೆ ರೀ."

"ಅಳೋದಾದ್ರೆ ಕಾರಣ ನಮೂದಿಸಬೇಕಲ್ಲ?"

"ಕಾರಣ ಹಿಂದಿನ ಪುಟದಲ್ಲಿದೆ. ನಾನು ಹೇಳಿದಷ್ಟೇ ಬರೀರಿ, ನಿಮ್ಮ ಸ್ವಂತದ್ದು ಒಂದಕ್ಷರವೂ ಬೇಡ."

ಗುಳ್ಳೆಗಳು ಒಂದೊಂದಾಗಿ ತುಂಬಿದವು. "ಅಪ್ಪಾ, ಇದನ್ನು ಓದಿ ನೋಡಲಿಲ್ಲವೇ?" ಎಂಬುದೂ ಮುಗಿಯಿತು. ನಿಬ್ಬು ರಾಜನ ಗುಳ್ಳೆಯ ಮೇಲೆ ಬಂದು ನಿಂತಿತು.

"ಇವನು ಏನಂತಾನೆ?"

"ಅದೇ ಗೊತ್ತಿಲ್ಲ."

"ಕಾರ್ಯಬಾಹುಳ್ಯದಿಂದ ಗಮನಿಸಲಾಗಲಿಲ್ಲ ಅಂತ ಹಾಕಲಾ?"

"ಮಗಳನ್ನ ಕಾಡಿಗೆ ಅಟ್ಟಿದವನು ಹೀಗಂದ್ರೆ ಮಕ್ಕಳು ಪುಸ್ತಕ ಹರಿದು ಹಾಕ್ತಾರೆ ರೀ."

"ಹಾಗಾದ್ರೆ ಯೋಚನೆ ಮಾಡು. ಅಷ್ಟರಲ್ಲಿ ಈ ಮಾದಪ್ಪನ ಕೆಲಸ ಮುಗಿಸ್ತೀನಿ" ಎಂದು ಪುಟವನ್ನು ಮಸಿ ಆರಲೆಂದು ಮೇಜಿನ ಮೇಲೇ ಬಿಟ್ಟು, ಸಾಲಿನ ಮೊದಲಲ್ಲಿದ್ದ ಮುದುಕನನ್ನು ಕರೆದರು. ಬಿಳಿ ಮೀಸೆಯ ಆತ ಮುಂದೆ ಬಂದ. ನಮ್ಮವರು ಒಂದು ಕಾಗದ ಕೊಟ್ಟರು, ಆತ ಮಸಿಪ್ಯಾಡಿಗೆ ಹೆಬ್ಬೆರಳು ಅದ್ದಿ ಒತ್ತಿದ. "ಇನ್ನೊಂದಕ್ಕೂ ಒತ್ತಪ್ಪ" ಎಂದು ಹೇಳಿ ನಮ್ಮವರು ಆ ಇನ್ನೊಂದು ಪ್ರತಿಯನ್ನು ಹುಡುಕಲು ಕಟ್ಟಿನೊಳಗೆ ತಲೆ ಹಾಕಿದರು. ನಾನು ಕಿಟಕಿಯಾಚೆ ನೋಡುತ್ತಾ ರಾಜನ ಬಾಯಿಗೆ ಮಾತು ಹುಡುಕುತ್ತಿದ್ದೆ. ತಿರುಗಿ ನೋಡುವಷ್ಟರಲ್ಲಿ ಆಗಿಹೋಗಿತ್ತು. ರಾಜನ ಗುಳ್ಳೆಯ ನಟ್ಟನಡುವೆ, ಗೆರೆ ಗೆರೆಯೂ ಎಣಿಸುವ ಹಾಗೆ, ಮಾದಪ್ಪನ ಹೆಬ್ಬೆಟ್ಟು.

"ಅಯ್ಯೋ, ಎಲ್ಲಿ ಒತ್ತಿದೆಯಪ್ಪ!" ಎಂದರು ನಮ್ಮವರು.

"ಗುಂಡ್ಗೆ ಜಾಗ ಬುಟ್ಟಿತ್ತಲ್ಲ ಸ್ವಾಮಿ, ಅದ್ಕೇ ಇರ್ಬೇಕು ಅಂತ ಒತ್ಬುಟ್ಟೆ."

ನನ್ನ ಕಣ್ಣಲ್ಲಿ ನೀರು ತುಂಬಿತು. ಆದರೆ ನನಗಿಂತ ಹೆಚ್ಚು ಗಾಬರಿಯಾದವನು ಮಾದಪ್ಪ. ಹಿಂದಿನಿಂದ ಯಾರೋ, "ಏನ್ಲಾ ಮಾದಪ್ಪ, ಯಾರ್ಗ್ಲಾ ಬರ್ಕೊಟ್ಟೆ ಜಮೀನ?" ಎಂದು ಕೂಗಿದ. "ಕಿರೀಟ ಆಕೊಂಡವ್ನೆ ಕಣ್ಲಾ, ರಾಜಂಗೇ ಓಯ್ತು!" ಎಂದು ಇನ್ನೊಬ್ಬ ಉತ್ತರಿಸಿದ. ಸಾಲಿಗೆ ಸಾಲೇ ನಕ್ಕಿತು. ಮಾದಪ್ಪ ನಗಲಿಲ್ಲ. ಮಸಿ ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ನನ್ನ ಕಡೆ ತಿರುಗಿದ.

"ಅವ್ವಾ, ಇದ್ರಿಂದ ನನ್ ಒಲ ಏನೂ ಓಗಾಕಿಲ್ವಲ್ಲ?"

ಪಾಪ, ಆತನ ಮುಖ ನೋಡಿ ನನ್ನ ಅಳು ಹಿಂದಕ್ಕೆ ಹೋಯಿತು. ಇದು ಬರೀ ಕಥೆ, ಮಕ್ಕಳಿಗೆ, ಎಂದೆ. ನಂಬಿಕೆ ಬರಲಿಲ್ಲ. ಕೊನೆಗೆ ಆ ಪುಟವನ್ನೇ ಮುಂದಿಟ್ಟುಕೊಂಡು ಮಂತ್ರಿ ಯಾರು, ರಾಜಕುಮಾರಿ ಯಾರು, ಕಾಡಿನಲ್ಲಿ ಏನಾಯಿತು ಎಂದು ಮೊದಲಿನಿಂದ ಹೇಳಬೇಕಾಯಿತು. ಸಾಲಿನವರೆಲ್ಲ ಸುತ್ತ ಸೇರಿದರು. ಮಾದಪ್ಪ ಕೊನೆಯವರೆಗೂ ಕೇಳಿ, ಬೆರಳನ್ನು ಪಂಚೆಗೆ ಒರೆಸಿಕೊಂಡು, "ಅಂಗಾರೆ ಮಗೀದೇನೂ ತಪ್ಪಿಲ್ಲ ಬುಡಿ" ಎಂದು ತೀರ್ಪು ಕೊಟ್ಟ. ಅಷ್ಟರಲ್ಲಿ ಸಾಹೇಬರ ಜೀಪಿನ ಸದ್ದು ಕೇಳಿಸಿತು. ನಮ್ಮವರು ಪುಟವನ್ನು ರಟ್ಟಿನೊಳಗೆ ತುರುಕಿ, ನನ್ನನ್ನು ಹಿತ್ತಲ ಬಾಗಿಲಿನಿಂದ ಕಳಿಸಿದರು.

ಹಿಂತಿರುಗುವ ಬಸ್ಸಿನಲ್ಲಿ ಪುಟವನ್ನು ತೆರೆದು ನೋಡಲೂ ಧೈರ್ಯವಾಗಲಿಲ್ಲ. ಮುಚ್ಚಿಟ್ಟರೂ ಆ ಬೆರಳು ಕಾಣುತ್ತಿತ್ತು. ಮನೆಗೆ ಹೋಗಿ ಬಿಳಿ ಬಣ್ಣ ಬಳಿದರಾಯಿತು ಎಂದು ಸಮಾಧಾನ ಮಾಡಿಕೊಂಡೆ. ಬಳಿದ ಮೇಲೆ ಅಲ್ಲಿ ಏನು ಬರೆಯುವುದು, ಯಾರ ಕೈಯಲ್ಲಿ ಬರೆಸುವುದು ಎಂಬ ಪ್ರಶ್ನೆ ಬಂದಾಗಲೆಲ್ಲ ಕಿಟಕಿಯಿಂದ ಆಚೆಗೆ ನೋಡಿದೆ. ಮನೆಗೆ ಬಂದು ಬಣ್ಣದ ಸೀಸೆಯ ಮುಚ್ಚಳ ತಿರುಗಿಸಿದೆ. ಒಳಗೆ ಬಣ್ಣ ಹಳೆಯ ಇಂಗಿನ ಹಾಗೆ ಗಟ್ಟಿಯಾಗಿತ್ತು. ಬ್ಲೇಡಿನಿಂದ ಕೆರೆದರೆ ಕಾಗದ ಹರಿದು ರಾಜನ ಅರ್ಧ ಮೂತಿಯೂ ಹೋಗುತ್ತಿತ್ತು. ಸ್ಟೇಷನ್ನಿನ ಕಡೆಗೆ ಹೊರಟ ಜಟಕಾಗಳ ಸದ್ದು ಕೇಳಿಸತೊಡಗಿತು. ಹೋಗಲಿ, ಈ ವರ್ಷಕ್ಕೆ ಪುಸ್ತಕ ಬೇಡ, ಹಾಗೆಂದು ಹೇಳಿಬಿಡೋಣ ಎಂದು ಪುಟವನ್ನು ಎದೆಗವಚಿಕೊಂಡು ಪಕ್ಕದ ಮನೆಗೆ ಹೋದೆ.

ಚಿಕ್ಕತಾಯಮ್ಮನವರು ಯಜಮಾನರ ಚೀಲಕ್ಕೆ ಬುತ್ತಿ ಇಡುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ತತ್ತನ್ನಿ ಇಲ್ಲಿ, ಕತೆ ಏನಾಯ್ತು ನೋಡವ" ಎಂದು ಪುಟವನ್ನು ಕಿತ್ತುಕೊಂಡು ದೀಪದ ಕೆಳಗೆ ಹಿಡಿದರು. ಹಿಂದಿನ ಪುಟಗಳನ್ನೆಲ್ಲ ಅವರು ಹೀಗೆಯೇ, ಚೀಲಕ್ಕೆ ಹಾಕುವ ಮುಂಚೆ ಓದಿ ಮುಗಿಸಿದ್ದರಂತೆ. ನನಗೆ ಇದು ಅವತ್ತೇ ಗೊತ್ತಾದದ್ದು. ಅವರ ಬೆರಳು ಗುಳ್ಳೆಯಿಂದ ಗುಳ್ಳೆಗೆ ಸರಿಯುತ್ತಾ ಬಂತು. "ಅಪ್ಪಾ, ಇದನ್ನು ಓದಿ ನೋಡಲಿಲ್ಲವೇ..." ಎಂದು ಗಟ್ಟಿಯಾಗಿ ಓದಿದರು. ಬೆರಳು ರಾಜನ ಗುಳ್ಳೆಯ ಮೇಲೆ ನಿಂತಿತು. ನಾನು ಕಣ್ಣು ಮುಚ್ಚಿಕೊಂಡೆ.

"ಅಯ್ಯೋ ಸಿವನೆ! ರಾಜ ಎಬ್ಬೆಟ್ಟಾ?" ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದ್ಕೇ ಮತ್ತೆ ಆ ಮಂತ್ರಿ ಇಷ್ಟ್ ದಿನ ಅವನ್ನ ಕುಣ್ಸಿರಾದು! ಓದ್ ಬರೋನಾಗಿದ್ರೆ ಯಾಕೆ ನೋಡ್ಲಿಲ್ಲ ಅಂತ ನಾನೂ ಅನ್ಕತಿದ್ದೆ. ಪಸಂದಾಗೈತೆ ಕಣಮ್ಮ."

ನಾನು ಕಣ್ಣು ತೆರೆದೆ. ತಿಂಗಳುಗಟ್ಟಲೆ ಒಗ್ಗರಣೆ ಸೀಯಿಸಿಕೊಂಡು ಹುಡುಕಿದ ಉತ್ತರ ಅಲ್ಲಿ, ಮಾದಪ್ಪನ ಬೆರಳಿನ ಗೆರೆಗಳಲ್ಲಿ, ಕಪ್ಪಗೆ ಕುಳಿತಿತ್ತು. ಅದು ಹೇಗೆ ಬಂತೆಂದು ಹೇಳಿಬಿಡಬೇಕಿತ್ತು. ಬದಲಿಗೆ ಕಾನ್ವೆಂಟಿನಲ್ಲಿ ಕಲಿಸಿದ ಸಣ್ಣ ನಗೆಯೊಂದನ್ನು ನಕ್ಕು, "ಕೊನೇವರೆಗೂ ಗುಟ್ಟಾಗಿಟ್ಟಿದ್ದೆ" ಎಂದೆ.

ಅವರು ಪುಟವನ್ನು ಮಡಿಕೆಯಾಗದಂತೆ ಟವಲಿನ ಕೆಳಗೆ ಇಟ್ಟು, ಮೇಲೆ ಬುತ್ತಿ ಇಟ್ಟು, ಚೀಲದ ಬಾಯಿ ಬಿಗಿಯುತ್ತಾ, ನನ್ನ ಕಡೆ ನೋಡದೆಯೇ ಹೇಳಿದರು:

"ಬರ್ಯಕ್ ಬರ್ದೋರ್ ಕಷ್ಟ ನಿಮ್ಗಲ್ದೆ ಇನ್ಯಾರ್ಗ್ ಗೊತ್ತಾಯ್ತದೆ ಬುಡಿ. ನಾಕ್ ಅಕ್ಸರ ಬರ್ಸಕ್ಕೆ ಮಳವಳ್ಳಿ ಗಂಟ ಓಗ್ಬಂದೋರಲ್ವಾ ನೀವು?"