ಡೊಂಬಿವಲಿಯಿಂದ ಹೊರಟ ಪ್ರವಾಸ ವರದಿಗಳು

ಪ್ರವಾಸಕ್ಕೆ ಹೋದಾಗ ನಮಗೆ ಅಂಥಾದ್ದೇನೂ ಆಗುವುದಿಲ್ಲ. ಬಸ್ಸು ಕೆಡುವುದಿಲ್ಲ, ಚೀಲ ಕಳೆಯುವುದಿಲ್ಲ. ಆಗುವುದೆಲ್ಲ ಆ ಪ್ರವಾಸದ ಬಗ್ಗೆ ಬರೆದು ಗ್ರೂಪಿಗೆ ಹಾಕಿದ ಮೇಲೆ.

ಠಾಣೆಯಿಂದ ಪನವೇಲಿನವರೆಗೆ ಇರುವ, ಕಾಲು ನಿಲ್ಲದ ಕನ್ನಡದ ಮಂದಿ ಸೇರಿ ಮಾಡಿಕೊಂಡ ಆನ್‌ಲೈನ್ ಗ್ರೂಪು ನಮ್ಮದು. ವಿಜಯಪುರದವರು, ಉಡುಪಿಯವರು, ಬೆಂಗಳೂರಿನವರು ಎಲ್ಲ ಇದ್ದಾರೆ. ಯಾರೂ ಯಾರ ಕನ್ನಡವನ್ನೂ ತಿದ್ದಬಾರದು ಎಂಬುದು ಮೊದಲ ನಿಯಮ. ಎಲ್ಲಿಗಾದರೂ ಹೋಗಿ ಬಂದವರು ವರದಿ ಬರೆಯಬೇಕು, ಹೋಗುವವರು ಓದಿ ಪ್ರಶ್ನೆ ಕೇಳಬೇಕು. ನಾನು ಡೊಂಬಿವಲಿಯವಳು, ಮಹಾಪೆಯ ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ. ಇಲ್ಲಿಯವರೆಗೆ ಹದಿನೇಳು ವರದಿ ಹಾಕಿದ್ದೇನೆ. ಕೆಲವು ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ.

ನಾಲ್ಕನೇ ಸೀಟು

ಮೊದಲ ವರದಿ ಪಟ್ಟದಕಲ್ಲಿನದು. ಮನೆಯಲ್ಲಿ ಕೂತು ಟೈಪ್ ಮಾಡಲು ಪುರುಸೊತ್ತು ಎಲ್ಲಿಯದು? ಫೋನಿಗೆ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ ಎಂದು ಯಾರೋ ಹೇಳಿದರು. ಬೆಳಗಿನ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ನಿಂತು, ಫೋನು ಬಾಯಿಗೆ ಹಿಡಿದು ಇಡೀ ಪಟ್ಟದಕಲ್ಲನ್ನು ಹೇಳಿ ಮುಗಿಸಿದೆ. ಠಾಣೆಯಲ್ಲಿ ಇಳಿಯುವ ಗಡಿಬಿಡಿಯಲ್ಲಿ ಓದಿ ನೋಡದೆ ಗ್ರೂಪಿಗೆ ಕಳಿಸಿದೆ.

ಫೋನು ಭೇದಭಾವ ಮಾಡಿರಲಿಲ್ಲ. ಡಬ್ಬಿಯಲ್ಲಿ ಅಕ್ಕಪಕ್ಕದ ಕನ್ನಡದ ಹೆಂಗಸರು ಏನು ಮಾತಾಡಿದರೂ, ಮೂವರ ಬೆಂಚಿನ ತುದಿಗೆ ಒತ್ತಿ ಕೂರುವ ನಾಲ್ಕನೇ ಸೀಟಿನ ಜಗಳವನ್ನೂ ಬಿಡದೆ, ಬರೆದುಕೊಂಡಿತ್ತು. "ಗರ್ಭಗುಡಿ ತಣ್ಣಗಿದೆ. ಒಳಗೆ ಕತ್ತಲು. ಅಕ್ಕಾ, ದಿವಾ ಸ್ಟೇಷನ್ ಬಂತು, ಒಳಗ ಸರೀರಿ. ಗೋಡೆಯ ಮೇಲಿನ ಕೆತ್ತನೆ ನೋಡಿದರೆ ನನ್ನ ಕಾಲು ತುಳೀಬ್ಯಾಡ್ರಿ ಅನಿಸುತ್ತದೆ. ನಾಲ್ಕನೇ ಸೀಟು ನನ್ನದು."

ಬೆಂಗಳೂರಿನ ಕಡೆಯ ನಿವೃತ್ತ ಮೇಷ್ಟ್ರೊಬ್ಬರು, "ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಮನಸ್ಸು ಎಲ್ಲೆಲ್ಲಿಗೋ ಹಾರುತ್ತೆ. ತುಂಬಾ ನವ್ಯವಾಗಿದೆ" ಎಂದು ಬರೆದರು. ಅದು ಹೋಗಲಿ. ಉಡುಪಿಯ ಕಡೆಯ ಒಬ್ಬರು ಬಹಳ ವಿನಯದಿಂದ ಕೇಳಿದರು: "ಮೇಡಂ, ನಮ್ಮ ಅತ್ತೆಗೆ ಮಂಡಿನೋವು ಉಂಟು. ಗರ್ಭಗುಡಿಯ ನಾಲ್ಕನೇ ಸೀಟು ಮೊದಲೇ ಬುಕ್ ಮಾಡ್ಲಿಕ್ಕೆ ಆಗ್ತದಾ?"

ಜ್ವರ

ತಾರ್ಕರ್ಲಿಯ ಸಮುದ್ರ ನೋಡಲು ಹೋದದ್ದು ಜ್ವರದ ರಜೆಯ ಮೇಲೆ. ಜ್ವರ ನನ್ನದು, ಸುಳ್ಳು. ವರದಿ ಹಾಕಿದ ಮೇಲೆ "ಕಡಲಹಕ್ಕಿ" ಎಂಬ ಹೆಸರಿನವರೊಬ್ಬರು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಮೀನು ಎಲ್ಲಿ ಚಲೋ, ದೋಣಿ ಎಷ್ಟು ಹೊತ್ತಿಗೆ. ಕಡೆಗೆ, "ನಮ್ಮ ಆಫೀಸಿನಲ್ಲಿ ರಜೆ ಸಿಗುವುದೇ ಕಷ್ಟ. ನೀವು ಹೇಗೆ ಹೊಂದಿಸಿದಿರಿ?" ಅಂದರು.

ಪಾಪ ಅನಿಸಿತು. ಉದಾರವಾಗಿ ಬರೆದೆ: "ಬುಧವಾರ ಮಧ್ಯಾಹ್ನದಿಂದ ಸಣ್ಣಗೆ ಕೆಮ್ಮಲು ಶುರು ಮಾಡಿ. ಸಂಜೆಗೆ ಶಾಲು ಹೊದ್ದುಕೊಳ್ಳಿ. ಗುರುವಾರ ಫೋನ್ ಮಾಡಿ ಜ್ವರ ಅನ್ನಿ. ನಮ್ಮ ಸಾಹೇಬರಂತೂ ಪೂರಾ ನಂಬಿ, ಹಬೆ ತಗೊಳ್ಳಿ ಅಂದರು."

ಎರಡು ವಾರ ಕಳೆಯಿತು. ಬುಧವಾರ ಮಧ್ಯಾಹ್ನ ಸಾಹೇಬರು ಕೆಮ್ಮತೊಡಗಿದರು. ನಮ್ಮ ಸಾಹೇಬರು ಎಂದರೆ ಲ್ಯಾಬಿನ ಮುಖ್ಯಸ್ಥರು, ಬಾಯಿ ಬಿಟ್ಟರೆ ಇಂಗ್ಲಿಷ್. ಸಂಜೆ ಮಫ್ಲರ್ ಸುತ್ತಿಕೊಂಡರು. ಗುರುವಾರ ಬರಲಿಲ್ಲ. ನನಗೆ ಖರೇನೇ ಕಾಳಜಿಯಾಗಿ "ಸರ್, ಹಬೆ ತಗೊಳ್ಳಿ" ಎಂದು ಇಂಗ್ಲಿಷಿನಲ್ಲೇ ಮೆಸೇಜ್ ಕಳಿಸಿದೆ.

ಸೋಮವಾರ ಗ್ರೂಪಿನಲ್ಲಿ ಕಡಲಹಕ್ಕಿಯ ವರದಿ ಬಂತು, ಅಚ್ಚ ಕಲಬುರಗಿ ಕನ್ನಡದಲ್ಲಿ. ಫೋಟೊದಲ್ಲಿ ತಾರ್ಕರ್ಲಿಯ ಮರಳು, ಮರಳಿನ ಮೇಲೆ ನಮ್ಮ ಕಂಪನಿಯವರು ಎಲ್ಲರಿಗೂ ಹಂಚಿದ ನೀಲಿ ನೀರಿನ ಬಾಟಲಿ. ಕಡೆಯ ಸಾಲು: "ಸಲಹಾ ಕೊಟ್ಟ ಡೊಂಬಿವಲಿ ತಂಗಿಗೆ ಶರಣು. ಹಬೀನೂ ತಗೊಂಡೆ."

ನನ್ನ ಕೆಲಸ ಹೋಯಿತು ಎಂದುಕೊಂಡೇ ಮರುದಿನ ಲ್ಯಾಬಿಗೆ ಹೋದೆ. ಏನೂ ಆಗಲಿಲ್ಲ. ಅವರು ನನ್ನ ಆರೋಗ್ಯ ಕೇಳಲಿಲ್ಲ, ನಾನು ಅವರದು ಕೇಳಲಿಲ್ಲ. ಅಂದಿನಿಂದ ಲ್ಯಾಬಿನಲ್ಲಿ ಯಾರಾದರೂ ಕೆಮ್ಮಿದರೆ ನಾವಿಬ್ಬರೂ ಒಟ್ಟಿಗೇ ತಿರುಗಿ ನೋಡುತ್ತೇವೆ.

ಗಣಿತದ ಮೇಷ್ಟ್ರ ಹೊಟ್ಟೆ

ನಮ್ಮ ಮನೆಯವರು ಕಲ್ಯಾಣದಲ್ಲಿ ಗಣಿತ ಕಲಿಸುತ್ತಾರೆ. ಘಾಟಿನ ಮೂರನೇ ತಿರುವಿಗೆ ವಾಂತಿ ಮಾಡುತ್ತಾರೆ. ಇದನ್ನು ಪ್ರತಿ ವರದಿಯಲ್ಲೂ ಬರೆಯುತ್ತಿದ್ದೆ. ಅವರು ನನ್ನ ಒಂದು ವರದಿಯನ್ನೂ ಓದಿರಲಿಲ್ಲವಾದ್ದರಿಂದ ಮನೆಯಲ್ಲಿ ಶಾಂತಿ ಇತ್ತು.

ಗ್ರೂಪಿನವರೆಲ್ಲ ಒಮ್ಮೆ ಮುಖ ನೋಡೋಣ ಎಂದು ಪನವೇಲಿನ ಹತ್ತಿರದ ಕಾಮೋಠೆಯ ಸಭಾಂಗಣವೊಂದರಲ್ಲಿ ಸೇರಿದೆವು. ಇವರನ್ನೂ ಕರೆದುಕೊಂಡು ಹೋದೆ. ಬಾಗಿಲಲ್ಲೇ ಒಬ್ಬರು ಇವರ ಕೈಗೆ ಲಿಂಬೆಹಣ್ಣು ಕೊಟ್ಟರು. ಇದು ಸ್ವಾಗತದ ಪದ್ಧತಿ ಇರಬೇಕೆಂದು ಇವರು ಕಣ್ಣಿಗೊತ್ತಿಕೊಂಡರು. ಇನ್ನೊಬ್ಬಾಕೆ ಓಡಿ ಬಂದು ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದು, "ಇಲ್ಲಿ ಗಾಳಿ ಬರ್ತದೆ, ಮಾಸ್ಟ್ರೇ" ಅಂದಳು. ಊಟಕ್ಕೆ ಮೇಲಿನ ಮಾಳಿಗೆಗೆ ಹತ್ತುವಾಗ ಹಿರಿಯರೊಬ್ಬರು ಇವರ ತೋಳು ಹಿಡಿದು, "ನಿಧಾನ ಸರ್, ಮೆಟ್ಟಿಲು ಮೂರು ಕಡೆ ತಿರುಗುತ್ತೆ" ಎಂದರು.

ಇವರು ನನ್ನ ಕಿವಿಯಲ್ಲಿ, "ಏ, ಕಾಮೋಠೆ ಮಂದಿಗೆ ನನ್ನ ಹೊಟ್ಟಿ ಹ್ಯಾಂಗ ಗೊತ್ತು?" ಅಂದರು.

ವಾಪಸ್ ಬರುವಾಗ ಗಾಡಿಯಲ್ಲಿ ನನ್ನ ಫೋನು ಇಸಿದುಕೊಂಡು ಹದಿನೇಳೂ ವರದಿ ಓದಿದರು. ಇಂದಿನಿಂದ ನನ್ನ ಬರವಣಿಗೆ ಬಂದ್ ಎಂದು ನಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತೆ. ಡೊಂಬಿವಲಿಯಲ್ಲಿ ಇಳಿದ ಮೇಲೆ ಫೋನು ವಾಪಸ್ ಕೊಡುತ್ತ, "ತಪ್ಪು ಬರದೀ. ಅಂಬೋಲಿ ಘಾಟಿನಾಗ ಮೂರು ಸಲ ಅಲ್ಲ, ಎರಡು" ಎಂದರು.

ಅತ್ತೆಯವರ ವರದಿ

ನಮ್ಮ ಅತ್ತೆಗೆ ಎಪ್ಪತ್ತೆಂಟು. ಅವರು ಅವರೆಕಾಯಿ ಬಿಡಿಸುವಾಗ ನಾನು ಗ್ರೂಪಿನ ವರದಿಗಳನ್ನು ಓದಿ ಹೇಳುತ್ತೇನೆ. ಕಾಶ್ಮೀರದಿಂದ ಬಂದವರೊಬ್ಬರ ವರದಿ ಕೇಳಿ ಮುಗಿಸಿ, "ಇದೇನ್ ಮಹಾ. ನಾನೂ ಹೋಗಿ ಬಂದೇನಲ್ಲ, ವಾಶಿಗೆ. ಬರಕೋ" ಅಂದರು. ವಾಶಿಯಲ್ಲಿ ಮಗಳ ಮನೆ. ಹಿಂದಿನ ವಾರ ಅಲ್ಲಿ ಮೂರು ದಿನ ಇದ್ದು ಬಂದಿದ್ದರು. ಒಂದಕ್ಷರ ಬದಲಿಸಕೂಡದು ಎಂದು ಆಣೆ ಹಾಕಿಸಿದರು. ಹೀಗೆ ಬರೆಸಿದರು:

"ಹೋಗಿದ್ದು: ಲೋಕಲ್ ಗಾಡಿ, ಠಾಣೆದಾಗ ಬದಲಿ. ಉಳಿದಿದ್ದು: ಮಗಳ ಮನಿ, ಹನ್ನೊಂದನೇ ಮಾಳಗಿ. ನೋಟ: ಕಿಟಕಿ ತಗದ್ರ ಎದುರು ಮನಿ ಕಿಟಕಿ. ಆ ಮಂದಿ ಚಲೋ, ಕೈ ಬೀಸ್ತಾರ. ಊಟ: ರೊಟ್ಟಿ ಅಂಗಡಿದು, ಹಪ್ಪಳ ಅಂತ ತಿಳಕೊಂಡು ತಿಂದೆ. ಚಹಾಕ್ಕ ಸಕ್ಕರಿ ಕೇಳಿದ್ರ ಡಾಕ್ಟರ್ ಹೆಸರು ಹೇಳ್ತಾರ. ನೋಡೂವಂಥದ್ದು: ಮುಂಜಾನೆ ಏಳಕ್ಕ ಅಳಿಯ ಭಾಂಡೆ ತೊಳಿಯೂದು. ಮತ್ತ ಹೋಗ್ತೀರೇನು: ಕರದ್ರ. ಐದಕ್ಕ ನಕ್ಷತ್ರ: ಎರಡು."

ಕಾಶ್ಮೀರಕ್ಕಿಂತ ಹೆಚ್ಚು ಲೈಕು ಬಂದವು. "ಏಳರದು ತಪ್ಪಿದರೆ ಅಳಿಯಂದಿರು ಸಂಜೆ ಮತ್ತೆ ಪಾತ್ರೆ ತೊಳೆಯುತ್ತಾರೆಯೇ?" ಎಂದು ಒಬ್ಬರು ಕೇಳಿದರು.

ಯಾರೋ ಅದನ್ನು ನನ್ನ ನಾದಿನಿಗೇ ಕಳಿಸಿಬಿಟ್ಟರು. ಫೋನು ನನಗೆ ಬಂತು. "ವಹಿನಿ, ಅವ್ವಗ ಓದಾಕ ಬರೂದಿಲ್ಲ, ಬರಿಯಾಕ ಬರೂದಿಲ್ಲ. ಇದು ನಿಮ್ಮ ಕೈಕೆಲಸ" ಎಂದವಳು ಹತ್ತು ದಿನ ಮಾತು ಬಿಟ್ಟಳು. ನನಗೆ ಅನ್ನ ಸೇರಲಿಲ್ಲ. ತೆಗೆದುಹಾಕಲೇ ಎಂದರೆ ಅತ್ತೆ, "ತಗೀಬ್ಯಾಡ. ಖರೇ ಐತಿ" ಅಂದರು.

ಹನ್ನೊಂದನೆಯ ದಿನ ನಾದಿನಿಯೇ ಫೋನ್ ಮಾಡಿ, "ಭಾನುವಾರ ಅವ್ವನ್ನ ಕರಕೊಂಡು ಬರ್ರಿ" ಎಂದಳು. ದನಿ ಕೇಳಿದರೆ ಪರೀಕ್ಷೆಗೆ ಕೂತವರ ಹಾಗಿತ್ತು.

ಹೋದೆವು. ಹಂಚಿನಿಂದ ಇಳಿದ ಬಿಸಿ ರೊಟ್ಟಿ, ಎಣ್ಣೆಗಾಯಿ, ಹೋಳಿಗೆ. ಚಹಾಕ್ಕೆ ಎರಡು ಚಮಚ ಸಕ್ಕರೆ. ಅಳಿಯ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಭಾಂಡೆ ತೊಳೆದರು. ಎದುರು ಮನೆಯವರು ಕಿಟಕಿಯಿಂದ ಕೈ ಬೀಸಿದರು. ಅವರಿಗೂ ಹೇಳಿಟ್ಟಿದ್ದಳೋ ಏನೋ.

ಊಟವಾದ ಮೇಲೆ ನಾದಿನಿ ಫೋನು ಹಿಡಿದು ಎದುರಿಗೆ ನಿಂತಳು. "ಅವ್ವಾ, ಈಗ ಹೇಳು. ಎಷ್ಟು?"

ಅತ್ತೆ ಎಲೆ ಅಡಿಕೆ ಹಾಕಿಕೊಂಡು ಯೋಚಿಸಿದರು. "ಒಂದು."

ನಾದಿನಿಯ ಮುಖ ಸಣ್ಣದಾಯಿತು. "ಇಷ್ಟು ಮಾಡಿದ್ರೂ?"

"ಹೋದ ಸಲ ಹಪ್ಪಳ ತಿನ್ನಿಸಿದ್ರೂ ನನ್ನ ಜೋಡಿ ಕುಂತು ಮಾತಾಡಿದ್ದಿ. ಇವತ್ತ ಮುಂಜಾನಿಂದ ಬರೇ ನಿಂತೀ."

ನಾದಿನಿ ಫೋನು ಬಿಸಾಕಿ ಅವ್ವನ ಪಕ್ಕ ಕುಳಿತಳು. ಅತ್ತಳೋ ನಕ್ಕಳೋ ಗೊತ್ತಾಗಲಿಲ್ಲ. ಅಳಿಯ ಬಂದು ಕುಳಿತರು, ನಾನೂ ಕುಳಿತೆ. ಸಂಜೆ ಹೊರಡುವ ಹೊತ್ತಿಗೆ ಅತ್ತೆಯ ನಕ್ಷತ್ರ ನಾಲ್ಕೂವರೆ ಆಗಿತ್ತು. ಉಳಿದ ಅರ್ಧ ಲಿಫ್ಟಿಗೆ ಕಾಯಿಸಿದ್ದಕ್ಕೆ ಹೋಯಿತು.

ಗಾಡಿಯಲ್ಲಿ ನನಗೂ ಆಸೆ ತಡೆಯಲಿಲ್ಲ. ಅತ್ತೆ ನಮ್ಮ ಮನೆಯಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದಾರೆ. "ಅತ್ತಿ, ನಮ್ಮ ಮನಿಗೆ ಎಷ್ಟು ನಕ್ಷತ್ರ ಕೊಡ್ತೀರಿ?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ಪ್ರವಾಸ ಇನ್ನಾ ಎಲ್ಲಿ ಮುಗದೈತಿ. ಮ್ಯಾಲ ಮುಟ್ಟಿದಿಂದ ಕಳಸ್ತೀನಿ, ಅಲ್ಲಿ ನೆಟ್‌ವರ್ಕ್ ಸಿಕ್ರ" ಎಂದು ಕಣ್ಣು ಮುಚ್ಚಿ ಗೊರಕೆ ಶುರುಮಾಡಿದರು.